ಅಪ್‌ಡೇಟ್: 3 ಲಕ್ಷದೊಳಗೆ ತಂಗಿಯ ಮದುವೆ ಅಂದವಾಗಿ ನಡೆಯಿತು

3 ಲಕ್ಷ ರೂಪಾಯಿಯೊಳಗೆ ತಂಗಿಯ ಮದುವೆ ಮಾಡುವುದು ಹೇಗೆಂದು ನಾನು ಕೇಳಿದಾಗ, ಕಲ್ಯಾಣ ಮಂಟಪದ ಯೋಚನೆ ಬಿಡಿ ಎಂದು ಹಲವರು ಹೇಳಿದ್ದಿರಿ, ಹಾಗೆಯೇ ಮಾಡಿದೆವು. ತೀರ್ಥಹಳ್ಳಿಯ ನಮ್ಮ ಮನೆಯಂಗಳದಲ್ಲಿ ಅಡಿಕೆ ದಬ್ಬೆಯ ಚಪ್ಪರ ಹಾಕಿ, ಸೋಗೆ ಹೊದಿಸಿ, ನಮ್ಮದೇ ತೋಟದ ಬಾಳೆಕಂದು, ಮಾವಿನ ತೋರಣ ಕಟ್ಟಿ, ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ವಿಧಾನದಲ್ಲಿ 120 ಜನರೆದುರು ವಧೂವರರು ಪ್ರತಿಜ್ಞೆ ಸ್ವೀಕರಿಸಿದರು. ಒಟ್ಟು ಖರ್ಚು 2 ಲಕ್ಷ 70 ಸಾವಿರವಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಊಟಕ್ಕೇ ಹೋಯಿತು. ಬಂದವರ ಎಲೆಗೆ ಬಡಿಸುವಲ್ಲಿ ಕೈ ಬಿಗಿ ಹಿಡಿಯಲು ಅಪ್ಪ ಒಪ್ಪಲಿಲ್ಲ, ಅದು ಸರಿಯೆಂದೇ ನನಗೂ ಅನ್ನಿಸಿತು. ತಂಗಿ ಉಟ್ಟಿದ್ದು ಅಮ್ಮನ ಧಾರೆ ಸೀರೆ. ಸೆರಗಿನ ಜರಿ ಒಂದೆಡೆ ಬಿಟ್ಟಿದ್ದನ್ನು ಅಮ್ಮ ಹಿಂದಿನ ರಾತ್ರಿ ಕುಳಿತು ಹೊಲಿದುಕೊಟ್ಟರು. ವಿವಾಹ ನೋಂದಣಿಗೆ ಮುಂದಿನ ವಾರ ಹೋಗಲಿದ್ದೇವೆ.