5 ವರ್ಷ ಪಿಎಚ್‌ಪಿ ನಿರ್ವಹಣೆ, ಈಗ ಬ್ಯಾಕೆಂಡ್ ಕೆಲಸ ಬೇಕು: ಅಡಿಕೆ ಧಾರಣೆ ಪ್ರಾಜೆಕ್ಟ್ ಸಾಕಾಗುತ್ತಾ?

ಹೊಸನಗರದವ:
ಪಿಎಚ್‌ಪಿ, ಮೈಎಸ್‌ಕ್ಯೂಎಲ್‌ನಲ್ಲಿ 5 ವರ್ಷ ಆಯಿತು. ಬಹುಪಾಲು ಹಳೆಯ ಕೋಡ್ ನೋಡಿಕೊಳ್ಳುವ ಕೆಲಸ. ಊರಿನಿಂದಲೇ ಮಾಡುತ್ತಿದ್ದೇನೆ, ಬೆಂಗಳೂರಿಗೆ ಹೋಗುವ ಯೋಚನೆ ಇಲ್ಲ. ಮುಂದಿನದು ರಿಮೋಟ್ ಬ್ಯಾಕೆಂಡ್ (ತೆರೆಯ ಹಿಂದಿನ ಸರ್ವರ್, ಡೇಟಾಬೇಸ್ ಕಡೆಯ) ಹುದ್ದೆಯೇ ಆಗಬೇಕು. ತೋರಿಸಲು ಒಂದು ಸ್ವಂತ ಪ್ರಾಜೆಕ್ಟ್ ಯೋಚಿಸಿದ್ದೇನೆ: ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮಾರುಕಟ್ಟೆಗಳ ಅಡಿಕೆ ಧಾರಣೆಯನ್ನು ದಿನವೂ ತಂದು ಕೂಡಿಟ್ಟು, ಫೋನಿನಲ್ಲಿ ಕನ್ನಡದಲ್ಲಿ ತೋರಿಸುವುದು. ವಾರಕ್ಕೆ 6 ಗಂಟೆ ಕೊಡಬಲ್ಲೆ. ದತ್ತಾಂಶ ಎಲ್ಲಿ ಸಿಗುತ್ತದೆ, ಖರ್ಚಿಲ್ಲದೆ ಎಲ್ಲಿ ಓಡಿಸಬಹುದು? ಇಷ್ಟು ಚಿಕ್ಕದನ್ನು ಸಂದರ್ಶನದಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರಾ? ಕಂಪನಿ ಒಪ್ಪಂದದ ತೊಡಕು ಇದೆಯಾ?

ತುಂಗಾತೀರ:
ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ (ಡೇಟಾ ಡಾಟ್ ಗವ್ ಡಾಟ್ ಇನ್) ಅಗ್‌ಮಾರ್ಕ್‌ನೆಟ್‌ನ (ಕೃಷಿ ಮಾರುಕಟ್ಟೆ ದರಗಳ ಸರ್ಕಾರಿ ಜಾಲ) ದಿನದ ಧಾರಣೆಗೆ ಎಪಿಐ (ನಮ್ಮ ಪ್ರೋಗ್ರಾಂ ನೇರವಾಗಿ ದತ್ತಾಂಶ ಕೇಳಿ ಪಡೆಯುವ ದಾರಿ) ಇದೆ. ರಾಜ್ಯ, ಜಿಲ್ಲೆ, ಮಾರುಕಟ್ಟೆ, ಸರಕು, ತಳಿ, ದರ್ಜೆ, ದಿನಾಂಕ, ಜೊತೆಗೆ ಕನಿಷ್ಠ, ಗರಿಷ್ಠ, ಮೋಡಲ್ ದರ ಬರುತ್ತವೆ. ದರವೆಲ್ಲ ಕ್ವಿಂಟಲ್‌ಗೆ. ನೋಂದಾಯಿಸಿಕೊಂಡು ನಿಮ್ಮದೇ ಕೀ (ಎಪಿಐ ಬಳಸಲು ಕೊಡುವ ಗುರುತಿನ ಸಂಕೇತ) ಪಡೆಯಿರಿ, ಮಾದರಿ ಕೀ ಒಮ್ಮೆಗೆ 10 ದಾಖಲೆ ಮಾತ್ರ ಕೊಡುತ್ತದೆ. ಅದು ಆಯಾ ದಿನದ್ದನ್ನಷ್ಟೇ ಕೊಡುವ ಎಪಿಐ. ಹಾಗಾಗಿ ತಪ್ಪದೆ ಕೂಡಿಡುವುದೇ ನಿಮ್ಮ ಕೆಲಸದ ತಿರುಳು, ತೋರಿಸುವ ಪುಟ ಆಮೇಲಿನ ಮಾತು.

ಓಡಿಸಲು ಗಿಟ್‌ಹಬ್ ಆಕ್ಷನ್ಸ್ (ಗಿಟ್‌ಹಬ್‌ನಲ್ಲಿಟ್ಟ ಕೋಡನ್ನು ಹೇಳಿದ ಹೊತ್ತಿಗೆ ತಾನಾಗಿ ಓಡಿಸುವ ಸೇವೆ) ಸಾಕು. ಪಬ್ಲಿಕ್ ರೆಪೊಗೆ (ಎಲ್ಲರಿಗೂ ಕಾಣುವ ಕೋಡ್ ಸಂಗ್ರಹ) ದುಡ್ಡಿಲ್ಲ. ಎಲ್ಲರೂ ಎಡವುವುದು ಸಮಯದಲ್ಲಿ: ಅಲ್ಲಿನ ಕ್ರಾನ್ (ಯಾವಾಗ ಓಡಬೇಕು ಎಂಬ ವೇಳಾಪಟ್ಟಿ) ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದ ಲೆಕ್ಕದಲ್ಲಿ ಓಡುತ್ತದೆ, ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಸಂಜೆ 6:10ರಿಂದ ರಾತ್ರಿ 11:10ರ ತನಕ ಗಂಟೆಗೊಮ್ಮೆ ಓಡಬೇಕಾದರೆ `40 12-17 * * *` ಎಂದು ಬರೆಯಿರಿ. ಸರಿಯಾಗಿ ಗಂಟೆಯ ಆರಂಭಕ್ಕೆ ಇಡಬೇಡಿ, ಆ ಹೊತ್ತಿಗೆ ಅಲ್ಲಿ ದಟ್ಟಣೆಯಿಂದ ತಡವಾಗುತ್ತದೆ. ಪಬ್ಲಿಕ್ ರೆಪೊದಲ್ಲಿ 60 ದಿನ ಚಟುವಟಿಕೆ ಇಲ್ಲದಿದ್ದರೆ ಶೆಡ್ಯೂಲ್ ತಾನಾಗಿ ನಿಂತುಹೋಗುತ್ತದೆ ಎನ್ನುವುದೂ ನೆನಪಿರಲಿ.

ಗಂಟೆಗೊಮ್ಮೆ ಓಡಿಸುವುದು ಯಾಕೆಂದರೆ ಎಲ್ಲ ಮಾರುಕಟ್ಟೆಯ ದರ ಒಂದೇ ಹೊತ್ತಿಗೆ ಏರುವುದಿಲ್ಲ, ಏರಿದ್ದು ಆಮೇಲೆ ತಿದ್ದುಪಡಿಯೂ ಆಗಬಹುದು. ಮಾರುಕಟ್ಟೆ, ಸರಕು, ತಳಿ, ದರ್ಜೆ, ದಿನಾಂಕ ಈ ಐದೂ ಸೇರಿಸಿ ಯೂನಿಕ್ ಕೀ (ಎರಡು ಸಾಲಿಗೆ ಒಂದೇ ಆಗಿರಬಾರದ ಗುರುತು) ಮಾಡಿ `ಆನ್ ಕಾನ್‌ಫ್ಲಿಕ್ಟ್ ಡು ಅಪ್‌ಡೇಟ್` (ಸಾಲು ಮೊದಲೇ ಇದ್ದರೆ ಅದನ್ನೇ ತಿದ್ದು ಎಂಬ ಆದೇಶ) ಬಳಸಿದರೆ ಎಷ್ಟು ಸಲ ಓಡಿದರೂ ಸಾಲು ಎರಡಾಗುವುದಿಲ್ಲ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನಲ್ಲಿ 3.24ನೇ ಆವೃತ್ತಿಯಿಂದ ಇದು ಇದೆ. ದಿನಾಂಕ ಮಾತ್ರ ದಾಖಲೆಯಲ್ಲಿ ಬಂದದ್ದನ್ನೇ ಬಳಸಿ, ಸ್ಕ್ರಿಪ್ಟ್ ಓಡಿದ ದಿನವನ್ನಲ್ಲ. ಅದು ದಿನ/ತಿಂಗಳು/ವರ್ಷ ಕ್ರಮದಲ್ಲಿರುತ್ತದೆ, ಲೈಬ್ರರಿಯ ಊಹೆಗೆ ಬಿಟ್ಟರೆ 05/08 ಎಂಬುದು ಮೇ 8 ಆಗಿಬಿಡುತ್ತದೆ.

ತಳಿಯ ಹೆಸರಿನ ವಿಷಯ ಬೇರೆಯೇ. ಶಿವಮೊಗ್ಗದಲ್ಲಿ ಸರಕು (ಇಲ್ಲಿ ಇದೂ ಒಂದು ತಳಿಯ ಹೆಸರೇ), ಬೆಟ್ಟೆ, ರಾಶಿ, ಗೊರಬಲು. ಸಾಗರಕ್ಕೆ ಬಂದರೆ ಚಾಲಿ, ಸಿಪ್ಪೆಗೋಟು, ಕೆಂಪುಗೋಟು, ಬಿಳೆಗೋಟು ಸೇರಿಕೊಳ್ಳುತ್ತವೆ, ತೀರ್ಥಹಳ್ಳಿಯಲ್ಲಿ ಇಡಿ. ಎಪಿಐ ಕೊಟ್ಟ ಇಂಗ್ಲಿಷ್ ಕಾಗುಣಿತವನ್ನು ಹಾಗೆಯೇ ಒಂದು ಕಾಲಂನಲ್ಲಿಟ್ಟು, ಕನ್ನಡದ ಹೆಸರಿಗೆ ಪ್ರತ್ಯೇಕ ಟೇಬಲ್ ಮಾಡಿ. ಹೊಸ ಕಾಗುಣಿತ ಬಂದರೆ ಸಾಲನ್ನು ಬಿಟ್ಟುಬಿಡದೆ ನಿಮಗೆ ಎಚ್ಚರಿಕೆ ಬರುವಂತಿರಲಿ. ವ್ಯಾಪಾರ ಇಲ್ಲದ ದಿನ ಸೊನ್ನೆ ತುಂಬಬೇಡಿ. ಸಾಲೇ ಇರಬಾರದು, ಗ್ರಾಫ್‌ನಲ್ಲಿ ಗೆರೆ ಅಲ್ಲಿ ಕಡಿಯಬೇಕು. ಕನಿಷ್ಠ ಗರಿಷ್ಠ ಕೂಡಿಸಿ ಅರ್ಧ ಮಾಡಿ ಸರಾಸರಿ ಎಂದು ತೋರಿಸುವುದಂತೂ ಬೇಡವೇ ಬೇಡ. ಕಳಪೆ ಮಾಲಿನ ಒಂದೇ ಚೀಲ ಕನಿಷ್ಠ ದರವನ್ನು ಕೆಳಗೆಳೆದಿರುತ್ತದೆ. ಮೋಡಲ್ ಎಂದರೆ ಹೆಚ್ಚಿನ ಮಾಲು ಮಾರಾಟವಾದ ದರ, ಬೆಳೆಗಾರರು ನೋಡುವುದು ಅದನ್ನೇ.

ಸಾಗರ_ಸರ್ವರ್:
ಸಂದರ್ಶನದ ಪ್ರಶ್ನೆಗೆ ನನ್ನ ಉತ್ತರ: ಹಿಡಿಯುತ್ತಾರೆ, ಆದರೆ ಅದು ಆರು ತಿಂಗಳು ನಿಲ್ಲದೆ ಓಡಿದ್ದರೆ. ಅರ್ಧಕ್ಕೆ ಬಿಟ್ಟ ಹತ್ತು ರೆಪೊ ಏನನ್ನೂ ಹೇಳುವುದಿಲ್ಲ. ಬ್ಯಾಕೆಂಡ್ ಹುದ್ದೆಗೆ ಕೇಳುವುದು ನೀವು ಯಾವ ಫ್ರೇಮ್‌ವರ್ಕ್ ಹಾಕಿದಿರಿ ಎಂದಲ್ಲ. ಎಪಿಐ ಬಿದ್ದರೆ ಏನಾಗುತ್ತದೆ, ಒಂದೇ ಕೆಲಸ ಎರಡು ಸಲ ಓಡಿದರೆ ಏನಾಗುತ್ತದೆ, ಓಡದೇ ಇದ್ದರೆ ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು.

ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ದೋಷ ಬಂದಾಗ ಮೇಲ್ ಕಳಿಸುವ ಕೋಡ್, ಸ್ಕ್ರಿಪ್ಟ್ ಓಡಿದರೆ ತಾನೇ ಕಳಿಸುವುದು? ಓಡದೇ ಹೋದರೆ ಅದೂ ಮೌನ. ಆದ್ದರಿಂದ ಉಲ್ಟಾ ಮಾಡಿ: ಕೆಲಸ ಮುಗಿದಾಗಲೆಲ್ಲ ಹೆಲ್ತ್‌ಚೆಕ್ಸ್‌ನಂಥ ಹೊರಗಿನ ಸೇವೆಗೆ ಒಂದು ಪಿಂಗ್ (‘ಓಡಿತು’ ಎಂಬ ಚಿಕ್ಕ ಸಂಕೇತ) ಹೋಗಲಿ, 26 ಗಂಟೆ ಪಿಂಗ್ ಬರದಿದ್ದರೆ ಆ ಸೇವೆಯೇ ನಿಮಗೆ ತಿಳಿಸಲಿ. ಎಪಿಐ ಕರೆಗೆ 30 ಸೆಕೆಂಡ್ ಟೈಮ್‌ಔಟ್, 3 ಮರುಪ್ರಯತ್ನ, ನಡುವೆ 5, 25, 125 ಸೆಕೆಂಡ್ ಅಂತರ. ಬಂದ ಜೇಸನ್ (ಎಪಿಐ ದತ್ತಾಂಶ ಕಳಿಸುವ ಪಠ್ಯ ರೂಪ) ಉತ್ತರವನ್ನು ಹಾಗೆಯೇ ಒಂದು ಫೋಲ್ಡರ್‌ನಲ್ಲಿಡಿ, ಪಾರ್ಸಿಂಗ್ (ಅದನ್ನು ಬಿಡಿಸಿ ಓದುವುದು) ತಪ್ಪಿದ್ದು ತಿಂಗಳ ನಂತರ ಗೊತ್ತಾದರೂ ಮತ್ತೆ ಕಟ್ಟಬಹುದು. ಬ್ಯಾಕಪ್ ತೆಗೆದರೆ ಸಾಲದು, ತಿಂಗಳಿಗೊಮ್ಮೆ ಅದರಿಂದ ಹೊಸ ಡೇಟಾಬೇಸ್ ಎಬ್ಬಿಸಿ ಸಾಲುಗಳನ್ನು ಎಣಿಸಿ ನೋಡಿ.

ಭಾಷೆ ಯಾವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮಗೆ ಬೇಕಾದ ಹುದ್ದೆಯ 20 ಜಾಹೀರಾತು ಓದಿ, ಹೆಚ್ಚು ಸಲ ಬಂದ ಭಾಷೆ ತೆಗೆದುಕೊಳ್ಳಿ. ಡೇಟಾಬೇಸ್ ಮಾತ್ರ ಗೊತ್ತಿರುವುದನ್ನೇ ಇಟ್ಟುಕೊಳ್ಳಿ. ವಾರಕ್ಕೆ 6 ಗಂಟೆಯಲ್ಲಿ ಎರಡನ್ನೂ ಒಟ್ಟಿಗೆ ಕಲಿಯಹೊರಟರೆ ಎರಡೂ ಅರ್ಧವಾಗುತ್ತವೆ. ರೆಸ್ಯೂಮೆಯಲ್ಲಿ ಇದಕ್ಕೆ ಮೂರು ಸಾಲು ಸಾಕು. ರೀಡ್‌ಮಿಯಲ್ಲಿ (ರೆಪೊದ ಪರಿಚಯ ಪುಟ) ಮಾತ್ರ ಯಾವ ನಿರ್ಧಾರ ಯಾಕೆ ತೆಗೆದುಕೊಂಡಿರಿ ಎಂದು ಒಂದು ಪುಟ ಬರೆಯಿರಿ. ಹಾಗೆಯೇ ಈಗಿನ ಕೆಲಸದ 5 ವರ್ಷವನ್ನು ಕೀಳಾಗಿ ಕಾಣಬೇಡಿ. ಹಳೆಯ ಕೋಡನ್ನು ಬೀಳಿಸದೆ ಬದಲಿಸುವುದು ಬ್ಯಾಕೆಂಡ್ ಕೆಲಸವೇ. ನಿಧಾನವಾಗಿದ್ದ ಯಾವ ಕ್ವೆರಿಗೆ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಯಾವ ಇಂಡೆಕ್ಸ್ (ಬೇಗ ಹುಡುಕಲು ಮಾಡುವ ಸೂಚಿ) ಹಾಕಿದಿರಿ, ಎಷ್ಟು ಸೆಕೆಂಡ್ ಇಳಿಯಿತು ಎಂದು ಅಂಕಿ ಸಮೇತ ಬರೆಯಿರಿ.

ಕರಾರುಪತ್ರ:
ಕಾನೂನಿನ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಫ್ಟ್‌ವೇರ್ ಕೂಡ ಸಾಹಿತ್ಯ ಕೃತಿ. 17(ಸಿ) ಪ್ರಕಾರ ನೌಕರಿಯ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಯೇ ಮೊದಲ ಮಾಲೀಕ. ಬಿಡುವಿನಲ್ಲಿ ಬರೆದದ್ದು ಅದರಲ್ಲಿ ಬರುವುದಿಲ್ಲವಾದರೂ ಎಷ್ಟೋ ಆಫರ್ ಲೆಟರ್‌ಗಳಲ್ಲಿ ಇದಕ್ಕಿಂತ ಅಗಲವಾದ ಷರತ್ತು ಇರುತ್ತದೆ. ನಿಮ್ಮದನ್ನು ತೆಗೆದು ಓದಿ. ಕಂಪನಿ ಲ್ಯಾಪ್‌ಟಾಪ್, ಕಂಪನಿ ಮೇಲ್, ಕೆಲಸದ ಹೊತ್ತು ಮೂರನ್ನೂ ಮುಟ್ಟಬೇಡಿ. ಎಚ್‌ಆರ್‌ಗೆ ಎರಡು ಸಾಲಿನ ಮೇಲ್ ಹಾಕಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಪ್ರಾಜೆಕ್ಟ್‌ನಿಂದ ದುಡ್ಡು ಬರುವಂತಾದರೆ ಆದಾಯ ತೆರಿಗೆಯ ಐಟಿಆರ್-1 ನಮೂನೆ ಆಗುವುದಿಲ್ಲ, ವ್ಯಾಪಾರದ ಆದಾಯ ತೋರಿಸಬೇಕು.

ಹೊಸನಗರದವ:
ತುಂಬಾ ಉಪಕಾರ. ತೋಟದ ಕಡೆ ಇಂಟರ್ನೆಟ್ ಇಲ್ಲದವರಿಗೆ ಎಸ್‌ಎಂಎಸ್ ಕಳಿಸಬಹುದಾ? ಪ್ಲೇ ಸ್ಟೋರ್‌ಗೆ ಹಾಕುವುದೋ, ಬರೀ ವೆಬ್ ಪುಟವೋ?

ತುಂಗಾತೀರ:
ಎಸ್‌ಎಂಎಸ್ ಈಗ ಬೇಡ. ಟ್ರಾಯ್‌ನ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2018ರ ನಿಯಮದಂತೆ ಕಳಿಸುವವರ ಹೆಸರು, ಸಂದೇಶದ ಮಾದರಿ ಎಲ್ಲವನ್ನೂ ಡಿಎಲ್‌ಟಿಯಲ್ಲಿ (ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆ) ನೋಂದಾಯಿಸಬೇಕು. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರವಾದರೆ ಕನ್ನಡದಲ್ಲಿ 70 ಮಾತ್ರ, ಅದೂ ಒತ್ತು, ಕೊಂಬು, ವಿರಾಮ ಪ್ರತಿಯೊಂದನ್ನೂ ಬೇರೆ ಎಣಿಸಿ. 'ಕ್ಷ' ಒಂದಕ್ಕೇ 3 ಹೋಯಿತು.

ಪ್ಲೇ ಸ್ಟೋರ್‌ಗೆ ನೋಂದಣಿ 25 ಡಾಲರ್. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಮೊದಲು 12 ಜನ ಸತತ 14 ದಿನ ಪರೀಕ್ಷೆಯಲ್ಲಿ ಇರಬೇಕು. ವೆಬ್ ಪುಟಕ್ಕೇ ಸರ್ವಿಸ್ ವರ್ಕರ್ (ನೆಟ್ ಇಲ್ಲದಾಗಲೂ ಪುಟ ತೆರೆಯುವಂತೆ ಬ್ರೌಸರ್‌ನಲ್ಲಿ ಉಳಿಯುವ ಸ್ಕ್ರಿಪ್ಟ್) ಹಾಕಿ, ಕೊನೆಗೆ ಸಿಕ್ಕ ಧಾರಣೆ ಫೋನಿನಲ್ಲೇ ಉಳಿಯಲಿ. ಮಳೆಗಾಲದಲ್ಲಿ ಕರೆಂಟು, ಟವರ್ ಎರಡೂ ಹೋದಾಗಲೂ ಪುಟ ತೆರೆಯುತ್ತದೆ. ಆದರೆ ಅದು ಯಾವ ದಿನದ ದರ ಎನ್ನುವುದು ದರದಷ್ಟೇ ದಪ್ಪ ಅಕ್ಷರದಲ್ಲಿ ಕಾಣಲೇಬೇಕು. ಮೂರು ದಿನ ಹಳೆಯ ದರ ನಂಬಿ ಯಾರಾದರೂ ಮಂಡಿಗೆ ಮಾಲು ಹೊತ್ತರೆ ನಷ್ಟ ಅವರದು. ಫಾಂಟ್ ಫೈಲಿನ ಗಾತ್ರ ಇಳಿಸಲು ಸಬ್‌ಸೆಟ್ ಮಾಡುವಾಗ (ಬೇಡದ ಅಕ್ಷರ ತೆಗೆಯುವಾಗ) ಜಿಎಸ್‌ಯುಬಿ ಟೇಬಲ್ (ಅಕ್ಷರಗಳನ್ನು ಕೂಡಿಸಿ ಒತ್ತಕ್ಷರ ಮಾಡುವ ನಿಯಮಗಳ ಭಾಗ) ಉಳಿಸಿಕೊಳ್ಳಿ, ಇಲ್ಲವಾದರೆ ಬೆಟ್ಟೆಯ ಒತ್ತಕ್ಷರವೇ ಒಡೆದು ಕಾಣುತ್ತದೆ.