ಲಿಥಿಯಂ ತಗೊಳ್ಳುತ್ತಾ ತಂಡದಲ್ಲಿ ಆಡುವವರು ಅನುಭವ ಹೇಳಿ: ಕೋಚ್‌ಗೆ ತಿಳಿಸಬೇಕಾ?

ಪ್ರಶ್ನೆ: ವಯಸ್ಸು 23, ಕಬಡ್ಡಿ, ಲೆಫ್ಟ್ ಕಾರ್ನರ್. ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಓಲಾಡೋ ಕಾಯಿಲೆ) ಇದೆ, ಎಂಟು ತಿಂಗಳಿಂದ ಅದಕ್ಕೆ ಲಿಥಿಯಂ ಮಾತ್ರೆ. ಮೊದಲ ಕಾಂಟ್ರಾಕ್ಟ್ ಸಿಕ್ಕಿದೆ, ಮುಂದಿನ ತಿಂಗಳು ಕ್ಯಾಂಪ್. ಕೋಚ್‌ಗೆ ಹೇಳಲೋ ಬೇಡವೋ?

ಹಳೇ ರೈಡರ್:
ಹೇಳಬೇಡಿ. ನಾನು ಹೇಳಿ ಕೆಟ್ಟೆ. ಮ್ಯಾನೇಜರ್ ಭುಜ ತಟ್ಟಿ "ನೀನು ನಮ್ಮ ಹುಡುಗ" ಅಂದರು. ಮರುದಿನದಿಂದ ರೈಡ್‌ನಲ್ಲಿ ಸಿಕ್ಕಿಬಿದ್ದರೆ ಸಾಕು, "ಮಾತ್ರೆ ತಗೊಂಡ್ಯಾ?" ಅಂತ ಎಲ್ಲರೆದುರು ಕೇಳೋರು. ಸೀಸನ್ ಪೂರ್ತಿ ಆಡಿಸಿದ್ದು 4 ಪಂದ್ಯ. 9 ಲಕ್ಷದಲ್ಲಿ ಕೊನೆ ಕಂತು 2.25 ಲಕ್ಷ ಹಿಡಿದರು, "ಫಿಟ್ ಇರಲಿಲ್ಲ" ಅಂತ. ವಕೀಲರಿಗೆ 40 ಸಾವಿರ ಸುರಿದೆ. ಬಂದಿದ್ದು 1.1 ಲಕ್ಷ, ಅದೂ ಹದಿನೇಳು ತಿಂಗಳಾದ ಮೇಲೆ.

ರೈಟ್ ಕಾರ್ನರ್:
ನಾನು ಮುಚ್ಚಿಟ್ಟೆ. ತೂಕ 87.3 ಇತ್ತು, 85 ದಾಟುವಂತಿರಲಿಲ್ಲ. ಜಾಕೆಟ್ ಹಾಕಿಕೊಂಡು ಓಡಿದೆ, ಎರಡು ದಿನ ಉಪ್ಪು ಬಿಟ್ಟೆ, ನೀರು ಅರ್ಧಕ್ಕೆ ಇಳಿಸಿದೆ. ಅದೇ ವಾರ ಮಂಡಿ ನೋವು. ಫಿಸಿಯೋ ಡೈಕ್ಲೋಫೆನಾಕ್ ಕೊಟ್ಟರು, ನಾಲ್ಕು ದಿನ ನುಂಗಿದೆ. ಐದನೇ ಬೆಳಿಗ್ಗೆ ಕಾಲಿಗೆ ಟೇಪ್ ಸುತ್ತಲು ಕೂತರೆ ಬೆರಳು ನಡುಗಿ ಟೇಪಿನ ತುದಿಯೇ ಸಿಗಲಿಲ್ಲ. ಆಮೇಲೆ ವಾಂತಿ, ನಾಲಿಗೆ ತೊದಲು. ರಾತ್ರಿ ಕುಡಿದಿದ್ದಾನೆ ಅಂದುಕೊಂಡರು ಕೋಚ್. ರಕ್ತದಲ್ಲಿ ಲಿಥಿಯಂ 1.9. ನನ್ನ ಡಾಕ್ಟರು 0.8ರ ಹತ್ತಿರ ಇಟ್ಟಿದ್ದರು. ಬೆವರು, ಉಪ್ಪಿಲ್ಲದ ಊಟ, ಆ ನೋವಿನ ಮಾತ್ರೆ, ಮೂರೂ ಸೇರಿದರೆ ಲಿಥಿಯಂ ಹೊರಗೆ ಹೋಗಲ್ಲ, ಮೈಯಲ್ಲೇ ಉಳಿಯುತ್ತೆ. ಮೂರು ದಿನ ಡ್ರಿಪ್, 46,800 ರೂಪಾಯಿ. "ಒಂದು ಮಾತು ಹೇಳಿದ್ದರೆ ಆ ಮಾತ್ರೆ ಕೊಡ್ತಿರಲಿಲ್ಲವಲ್ಲೋ" ಅಂತ ಫಿಸಿಯೋ ಅತ್ತೇಬಿಟ್ಟರು. ಅವರ ಮುಖ ಇನ್ನೂ ಕಣ್ಣ ಮುಂದಿದೆ.

ಹಾಕಿ ಮನೆಯವಳು:
ಹಳೇ ರೈಡರ್ ಅವರೇ, ಹುಡುಗನನ್ನು ಹೆದರಿಸಬೇಡಿ. ನಮ್ಮ ಯಜಮಾನರು ಗೋಲ್‌ಕೀಪರ್, ಡಿಪ್ರೆಶನ್. ಕೋಚ್‌ಗೆ ನಾನೇ ಹೋಗಿ ಹೇಳಿದೆ. ರಾತ್ರಿ ಮಾತ್ರೆಯ ಮಂಪರಿಗೆ ಬೆಳಿಗ್ಗೆ ಆರಕ್ಕೆ ಏಳಲು ಆಗ್ತಿರಲಿಲ್ಲ. ಸಂಜೆ ಬಾ ಅಂದರು, ಅಷ್ಟೇ. ಕ್ರಿಕೆಟ್‌ನ ರಾಬಿನ್ ಉತ್ತಪ್ಪ ತಮ್ಮ ಡಿಪ್ರೆಶನ್ ಬಗ್ಗೆ ಬಾಯಿಬಿಟ್ಟು ಹೇಳಲಿಲ್ಲವಾ? ಆಸ್ಟ್ರೇಲಿಯಾದ ಮ್ಯಾಕ್ಸ್‌ವೆಲ್ 2019ರಲ್ಲಿ ಮನಸ್ಸಿನ ಆರೋಗ್ಯಕ್ಕೆ ಅಂತ ಆಟ ಬಿಟ್ಟು ವಿಶ್ರಾಂತಿ ತಗೊಂಡರು, 2021ರಲ್ಲಿ ಐಪಿಎಲ್‌ನ ಬೆಂಗಳೂರು ತಂಡ 14.25 ಕೋಟಿ ಕೊಟ್ಟು ಕರೆದುಕೊಂಡಿತು.

ಹಳೇ ರೈಡರ್:
ಮೇಡಂ, ಉತ್ತಪ್ಪ ನರಳಿದ್ದು 2009ರಿಂದ 2011. ಎಲ್ಲರೆದುರು ಹೇಳಿಕೊಂಡಿದ್ದು 2020ರಲ್ಲಿ. ಅಷ್ಟರಲ್ಲಿ 2007ರ ಟಿ20 ವಿಶ್ವಕಪ್ಪೂ ಇತ್ತು, 2014ರ ಐಪಿಎಲ್‌ನಲ್ಲಿ ಅತಿ ಹೆಚ್ಚು ರನ್‌ಗೆ ಸಿಕ್ಕ ಆರೆಂಜ್ ಕ್ಯಾಪೂ ಇತ್ತು. ಮ್ಯಾಕ್ಸ್‌ವೆಲ್ ಬೆನ್ನಿಗೆ ಇಡೀ ಬೋರ್ಡ್ ನಿಂತಿತ್ತು. ನನ್ನ ಬೆನ್ನಿಗೆ ಯಾರಿದ್ದರು? ನಿಮ್ಮವರಿಗೆ ಸ್ಪೋರ್ಟ್ಸ್ ಕೋಟಾ ನೌಕರಿ, ತಿಂಗಳಾದರೆ ಸಂಬಳ.

ಹಾಕಿ ಮನೆಯವಳು:
ಆ ನೌಕರಿ ಸುಮ್ನೆ ಉಳೀತಾ? ಮೆಡಿಕಲ್ ಬೋರ್ಡ್‌ಗೆ ಐದು ಸಲ ಅಲೆದಿದ್ದೇವೆ. ಇನ್ಶೂರೆನ್ಸ್‌ನವರು ಮಾನಸಿಕ ಕಾಯಿಲೆಗೆ ಕೊಡಲ್ಲ ಅಂದರು. ಮೈ ಕಾಯಿಲೆಗೆ ಕೊಟ್ಟ ಹಾಗೇ ಇದಕ್ಕೂ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಮೂರು ಪತ್ರ ಬರೆದು 31,200 ವಸೂಲಿ ಮಾಡಿದೆ. ಕೂತು ತಿಂದವರಲ್ಲ ನಾವು.

ಯೋಗ ಗೆಳೆಯ:
ಇಷ್ಟೆಲ್ಲ ಯಾಕೆ? ಸೀಸನ್ ಮುಗಿಯೋವರೆಗೆ ಮಾತ್ರೆ ನಿಲ್ಲಿಸಿ, ಪ್ರಾಣಾಯಾಮ ಮಾಡಿ. ನನಗೆ ಟೆನ್ಶನ್ ಹಾಗೇ ಹೋಯಿತು.

ರೈಟ್ ಕಾರ್ನರ್:
ಮೊದಲು ಆ ಮಾತು ಅಳಿಸಿ. ನಿಮ್ಮದು ಟೆನ್ಶನ್, ಅವನದು ಬೈಪೋಲಾರ್. ಒಂದು ಸಲ ನಾನೂ ನಿಲ್ಲಿಸಿದ್ದೆ. ಹನ್ನೊಂದು ರಾತ್ರಿ ನಿದ್ದೆ ಇಲ್ಲ. ನಡುರಾತ್ರಿ ಎರಡಕ್ಕೆ ಇಡೀ ತಂಡದ ಬಾಗಿಲು ಬಡಿದು ಪ್ರಾಕ್ಟೀಸ್‌ಗೆ ಕರೆದೆ. ಅಪ್ಪನ ಬೈಕ್ ಮಾರಿದೆ. ಅದನ್ನು ಮತ್ತೆ ಕೊಳ್ಳೋಕೆ ಎರಡು ವರ್ಷ ಬೇಕಾಯಿತು.

ಯೋಗ ಗೆಳೆಯ:
ಒಳ್ಳೇದಕ್ಕೇ ಹೇಳಿದ್ದು. ಮಾತಿನ ಮೇಲೆ ಹಿಡಿತ ಇರಲಿ.

ಹಳೇ ರೈಡರ್:
ಇದರಲ್ಲಿ ಮಾತ್ರ ರೈಟ್ ಕಾರ್ನರ್ ಹೇಳಿದ್ದು ಸರಿ. ತಮ್ಮಾ, ಕೋಚ್ ವಿಷಯ ಆಮೇಲೆ ನೋಡು. ತಂಡದ ಡಾಕ್ಟರಿಗಾದರೂ ಮಾತ್ರೆ ಚೀಟಿ ತೋರಿಸು.