‘ಪಶು ಕಲ್ಯಾಣ’: ಕೊಟ್ಟಿಗೆ ತಪಾಸಣೆಯ ನಮೂನೆಗೆ ಒಪ್ಪುವ ಕನ್ನಡ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಹಾಸನ ಜಿಲ್ಲೆಯ ಅರಸೀಕೆರೆ ಸೀಮೆಯಲ್ಲಿ ನಾನು ಹಿರಿಯ ಪಶುವೈದ್ಯಕೀಯ ಪರೀಕ್ಷಕ. ಹಾಲು ಉತ್ಪಾದಕರ ಸಂಘಗಳ ಕಾರ್ಯದರ್ಶಿಗಳಿಗೂ ಕೆಲಸಕ್ಕೆ ಹೊಸದಾಗಿ ಸೇರುವವರಿಗೂ ಅನುಕೂಲವಾಗಲೆಂದು ಕೊಟ್ಟಿಗೆ ತಪಾಸಣೆಯ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಎರಡು ಭಾಗ. ‘ಆರೋಗ್ಯ’ ಮುಗಿದಿದೆ. ‘ವೆಲ್ಫೇರ್’ ಭಾಗಕ್ಕೆ ಯಾವ ತಲೆಬರಹ ಕೊಡಬೇಕು ಎಂಬುದು ನನ್ನ ಪ್ರಶ್ನೆ.

ಆರೋಗ್ಯದ ಭಾಗದಲ್ಲಿ ನನಗೆ ಮಾತಿನ ಬರವೇ ಆಗಲಿಲ್ಲ. ಕಾಲುಬಾಯಿ ಜ್ವರ, ಚಪ್ಪೆಬೇನೆ, ಗಳಲೆ, ನೆರಡಿ, ಕೆಚ್ಚಲುಬಾವು, ಎಲ್ಲವೂ ಜನರ ಬಾಯಲ್ಲೇ ಇವೆ. ಈಚೆಗೆ ಬಂದ ಚರ್ಮಗಂಟು ರೋಗದ ಹೆಸರೂ ಬೇಗನೆ ರೂಢಿಗೆ ಬಂತು. ‘ಬ್ರುಸೆಲ್ಲೋಸಿಸ್’ ಎಂದರೆ ಸುಮ್ಮನೆ ನಿಲ್ಲುವವರು ‘ಕಂದುರೋಗ’ ಎಂದೊಡನೆ, ತಿಂಗಳು ತುಂಬುವ ಮೊದಲೇ ಕಂದು ಹಾಕಿದ ತಮ್ಮ ಹಸುವಿನ ಕತೆ ಹೇಳುತ್ತಾರೆ. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಕರುಗಳಿಗೆ ಆ ರೋಗದ ಲಸಿಕೆ ಏಕೆ ಬೇಕೆಂದು ಆಮೇಲೆ ಬಿಡಿಸಿ ಹೇಳಬೇಕಾಗಿಲ್ಲ.

ತೊಡಕು ಇರುವುದು ‘ವೆಲ್ಫೇರ್’ಗೆ ರೂಢಿಯಲ್ಲಿರುವ ‘ಕಲ್ಯಾಣ’ದಲ್ಲಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ 1962ರಲ್ಲಿ ರಚನೆಯಾದ ಮಂಡಳಿಗೆ ಕನ್ನಡದಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಎನ್ನುತ್ತೇವೆ. ಮಂಡಳಿಗೆ ಆ ಹೆಸರು ಒಪ್ಪುತ್ತದೆ. ಆದರೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ‘ಪಶು ಕಲ್ಯಾಣ ತಪಾಸಣೆಗೆ ಬಂದಿದ್ದೇವೆ’ ಎಂದರೆ, ‘ಸಹಾಯಧನ ಎಷ್ಟು ಬರುತ್ತದೆ?’ ಎಂದು ಕೇಳುತ್ತಾರೆ. ಕೇಳುವವರಲ್ಲಿ ತಪ್ಪಿಲ್ಲ. ಸಮಾಜ ಕಲ್ಯಾಣ, ಕಾರ್ಮಿಕ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಎಲ್ಲೆಡೆಯೂ ಕಲ್ಯಾಣವೆಂದರೆ ಸರ್ಕಾರ ಕೊಡುವುದು, ಜನ ಪಡೆಯುವುದು. ಅದು ಬಿಟ್ಟರೆ ಮದುವೆ. ಹಸು ಹೇಗಿದೆ ಎಂಬ ಅರ್ಥ ಈ ಎರಡರಲ್ಲೂ ಇಲ್ಲ, ನಾನು ನೋಡಲು ಹೋಗುವುದು ಅದನ್ನೇ.

ಒಂದು ಕೊಟ್ಟಿಗೆಯ ಮಾತು ಹೇಳಿದರೆ ನನಗೆ ಬೇಕಾದ ಅರ್ಥ ಸ್ಪಷ್ಟವಾಗಬಹುದು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿಯ ಹಸು, ಎರಡನೇ ಸೂಲು. ಮೈ ಬಿಸಿ 101.5 ಡಿಗ್ರಿ ಫ್ಯಾರನ್‌ಹೀಟ್, ಹಸುವಿಗೆ ಅದು ಸಹಜ. ಗುರುತಿನ ಕಿವಿಯೋಲೆ ಇದೆ, ಕಾಲುಬಾಯಿ ಲಸಿಕೆ ಆಗಿದೆ, ಹಾಲು ಇಳಿದಿಲ್ಲ. ಆರೋಗ್ಯದ ಕಾಲಂ ಪೂರ್ತಿ ‘ಸರಿ’. ಆದರೆ ಕಟ್ಟಿದ ಕಣ್ಣಿ ಎಷ್ಟು ಗಿಡ್ಡವೆಂದರೆ ಹಸು ಕತ್ತು ಹೊರಳಿಸಿ ತನ್ನ ಪಕ್ಕೆಯನ್ನು ನೆಕ್ಕಿಕೊಳ್ಳುವಂತಿಲ್ಲ. ಸಿಮೆಂಟು ನೆಲದ ಮೇಲೆ ಎದ್ದೂ ಮಲಗಿಯೂ ಮುಂಗಾಲಿನ ಮಂಡಿಯ ಕೂದಲು ಉದುರಿ ಚರ್ಮ ಜಡ್ಡುಗಟ್ಟಿದೆ. ಗೊರಸಿನ ತುದಿ ಬೆಳೆದು ಮೇಲಕ್ಕೆ ತಿರುಗಿದೆ. ಮಲಗಲು ಮಂಡಿ ಬಗ್ಗಿಸುತ್ತದೆ, ಆಗದೆ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಮನೆಯ ಅಜ್ಜಿ ಹೇಳಿದರು: ‘ರೋಗ ಏನೂ ಇಲ್ಲ ಡಾಕ್ಟರೇ, ಹಸು ಗೆಲುವಾಗಿಲ್ಲ ಅಷ್ಟೇ.’ ನನ್ನ ನಮೂನೆಯ ಎರಡನೇ ಕಾಲಂ ಕೇಳಬೇಕಾದದ್ದು ಆ ಅಜ್ಜಿ ಕಂಡದ್ದನ್ನು.

ಕಾಯ್ದೆಯೂ ಇದನ್ನು ಬಿಟ್ಟಿಲ್ಲ. ಅತಿ ಗಿಡ್ಡ ಅಥವಾ ಅತಿ ಭಾರದ ಹಗ್ಗ, ಸರಪಳಿಯಲ್ಲಿ ಪ್ರಾಣಿಯನ್ನು ಮಿತಿಮೀರಿದ ಹೊತ್ತು ಕಟ್ಟಿಹಾಕುವುದು 11ನೇ ಪ್ರಕರಣದಂತೆ ಹಿಂಸೆ. 3ನೇ ಪ್ರಕರಣ ಇನ್ನೂ ಮುಂದೆ ಹೋಗಿ, ಪ್ರಾಣಿ ಚೆನ್ನಾಗಿರುವಂತೆ ನೋಡಿಕೊಳ್ಳುವುದು ಸಾಕುವವನ ಕರ್ತವ್ಯ ಎನ್ನುತ್ತದೆ. ಬ್ರಿಟನ್ನಿನಲ್ಲಿ 1965ರ ಬ್ರ್ಯಾಂಬೆಲ್ ಸಮಿತಿಯ ವರದಿಯಿಂದ ಬೆಳೆದು 1979ರಲ್ಲಿ ಪಟ್ಟಿಯಾದ, ಸಾಕುವ ಪ್ರಾಣಿಗಳಿಗೆ ಇರಬೇಕಾದ ‘ಐದು ಸ್ವಾತಂತ್ರ್ಯ’ಗಳನ್ನು ಈ ಎರಡೂ ಪ್ರಕರಣಗಳೊಂದಿಗೆ ಸೇರಿಸಿ ಓದಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಜಲ್ಲಿಕಟ್ಟು ಮೊಕದ್ದಮೆಯ ತೀರ್ಪಿನಲ್ಲಿ ಹೇಳಿತು. ‘ಹಸಿವು ಬಾಯಾರಿಕೆಗಳಿಂದ ಸ್ವಾತಂತ್ರ್ಯ’ ಎಂದು ಬರೆದರೆ ಅದು ಕನ್ನಡದ ಮಾತಾಗುವುದಿಲ್ಲ. ಕೈಪಿಡಿಯಲ್ಲಿ ನಾನು ಹೀಗೆ ಬರೆದಿದ್ದೇನೆ: ಹೊಟ್ಟೆಗೆ ಮೇವು, ಕುಡಿಯಲು ನೀರು ಇರಬೇಕು, ಮೈಗೆ ನೆರಳು, ಮಲಗಲು ಒಣನೆಲ ಇರಬೇಕು, ನೋವು, ಗಾಯ, ರೋಗಕ್ಕೆ ತಡಮಾಡದೆ ಮದ್ದಾಗಬೇಕು, ತನ್ನ ಸಹಜದಂತೆ ಇರಲು ಜಾಗವೂ ಜೊತೆಗೆ ಬೇರೆ ರಾಸುಗಳೂ ಇರಬೇಕು, ಹೆದರಿಕೆ, ಸಂಕಟ ಇರಬಾರದು. ತಿದ್ದುವುದಿದ್ದರೆ ದಯವಿಟ್ಟು ತಿದ್ದಿ.

ಇನ್ನು ತಲೆಬರಹ. ‘ದಯೆ’ ಹಳೆಯ ಮಾತು, ಪ್ರಾಣಿ ದಯಾ ಸಂಘ ಎಂಬ ಬಳಕೆಯೂ ಇದೆ. ಆದರೆ ದಯೆ ನಮ್ಮ ಮನಸ್ಸಿನ ಗುಣ, ಅದನ್ನು ಕೊಟ್ಟಿಗೆಯಲ್ಲಿ ಅಳೆಯಲಾಗದು. ‘ಆರೈಕೆ’ ಬಹಳ ಒಳ್ಳೆಯ ಮಾತು, ಎಲ್ಲರಿಗೂ ಗೊತ್ತು, ಆದರೆ ಅದು ಸಾಕುವವರ ಕೆಲಸದ ಹೆಸರು. ಆರೈಕೆಯಲ್ಲಿ ಕೊರತೆಯಿಲ್ಲದಿದ್ದರೂ ಹಸು ಸಪ್ಪಗಿರಬಹುದು. ‘ಹಿತ’ ನನಗೆ ಇಷ್ಟ, ಆದರೆ ಕಡತಗಳಲ್ಲಿ ಅದು ‘ಹಿತಾಸಕ್ತಿ’ಯ ಕಡೆಗೆ ವಾಲಿಬಿಟ್ಟಿದೆ. ‘ಗೆಲುವು’ ಬಾಯಲ್ಲಿ ಎಷ್ಟು ಜೀವಂತವೋ ಅಚ್ಚಿನಲ್ಲಿ ಅಷ್ಟೇ ಗೊಂದಲ. ‘ರಾಸುಗಳ ಗೆಲುವು’ ಎಂದರೆ ಓಟದ ಪಂದ್ಯದ ಸುದ್ದಿಯಾಗುತ್ತದೆ. ಉಳಿದದ್ದು ‘ಕ್ಷೇಮ’. ಕಾಗದ ಬರೆಯುವ ಕಾಲದಲ್ಲಿ ‘ನಾವೆಲ್ಲರೂ ಇಲ್ಲಿ ಕ್ಷೇಮ’ ಎಂದು ಮನೆಮನೆಯಲ್ಲಿ ಬರೆದ ಮಾತು. ಅದು ಇರವನ್ನು ಹೇಳುತ್ತದೆ, ಕೊಡುವವನ ಹಂಗಿಲ್ಲ. ‘ಆರೋಗ್ಯ ಮತ್ತು ಕ್ಷೇಮ’ ಎಂದು ತಲೆಬರಹ ಕೊಟ್ಟು, ಒಳಗೆ ‘ರಾಸು ಗೆಲುವಾಗಿದೆಯೇ?’ ಎಂಬ ಪ್ರಶ್ನೆಯನ್ನು ಹಾಗೆಯೇ ಇಡಬೇಕೆಂದು ನನ್ನ ಒಲವು. ಒಪ್ಪದವರು ಕಾರಣ ತಿಳಿಸಿದರೆ ಉಪಕಾರವಾಗುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ತೊಡಕು. ಕೈಪಿಡಿ ಬರೀ ಹಸು ಎಮ್ಮೆಗಳದ್ದಲ್ಲ, ಕುರಿ, ಮೇಕೆ, ಹಂದಿ, ಕೋಳಿಗಳೂ ಇವೆ. ‘ರಾಸು’ ತಲೆ ಎಂಬರ್ಥದ ಅರಬ್ಬಿ ಮಾತಿನಿಂದ ಬಂದು ನಮ್ಮ ಕಡೆ ದನಗಳಿಗೇ ನಿಂತಿದೆ. ‘ಜಾನುವಾರು’ ಮೂಲದಲ್ಲಿ ಜೀವವಿರುವುದೆಲ್ಲ ಆದರೂ ಕೋಳಿಗೆ ಅದನ್ನು ಯಾರೂ ಹೇಳರು. ‘ಸಾಕುಪ್ರಾಣಿ’ ಎಂದರೆ ನಾಯಿ ಬೆಕ್ಕು ಸೇರುತ್ತವೆ. ಸದ್ಯಕ್ಕೆ ‘ಸಾಕಣೆ ಪ್ರಾಣಿ’ ಎಂದಿದ್ದೇನೆ. ಇದಕ್ಕೆ ಹುದ್ದೆಯ ಹೆಸರು ಹೊಂದಿಸಿದರೆ ‘ಹಿರಿಯ ಸಾಕಣೆ ಪ್ರಾಣಿ ತಪಾಸಕ’ ಎಂದಾಗಿ ಹಿರಿತನ ಪ್ರಾಣಿಗೆ ಹೋಗುತ್ತದೆ. ಅದನ್ನು ‘ಸಾಕಣೆ ಪ್ರಾಣಿಗಳ ಆರೋಗ್ಯ ಮತ್ತು ಕ್ಷೇಮದ ಹಿರಿಯ ತಪಾಸಕ’ ಎಂದು ತಿರುಗಿಸಿದ್ದೇನೆ. ‘ಪರೀಕ್ಷಕ’ ಶಾಲೆಯ ನೆನಪು ತರುವುದರಿಂದ ಕೈಪಿಡಿಯಲ್ಲಿ ‘ತಪಾಸಕ’ವನ್ನೇ ಬಳಸಿದ್ದೇನೆ.

ಮಲೆನಾಡು ಗಿಡ್ಡ ತಳಿಯ ದನ ಸಾಕುವ ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆಯವರಲ್ಲಿ, ಅಮೃತಮಹಲ್ ತಳಿಯ ಮೇವಿನ ಕಾವಲುಗಳ ನಂಟಿರುವ ಅಜ್ಜಂಪುರ, ಬೀರೂರಿನವರಲ್ಲಿ ವಿಶೇಷವಾಗಿ ಕೇಳುತ್ತೇನೆ: ರೋಗವಿಲ್ಲದಿದ್ದರೂ ದನ ‘ಚೆನ್ನಾಗಿಲ್ಲ’ ಎನ್ನಲು ನಿಮ್ಮ ಮನೆಗಳಲ್ಲಿ ಏನು ಹೇಳುತ್ತಾರೆ? ಮಂಕು, ಸಪ್ಪೆ, ಸೊರಗು ನನ್ನ ಪಟ್ಟಿಯಲ್ಲಿವೆ. ಬೇರೆ ಮಾತಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಂದಿಗೆ ಕಳುಹಿಸಿ.